ಸೌಟಿನ ಹಿಡಿಯ ಮೇಲೆ ಯಾರ ಹೆಸರು?

ದೀಪಾವಳಿಗೆ ತಿಂಗಳಿರುವಾಗಲೇ ಗುರುಗ್ರಾಮ, ನೋಯ್ಡಾಗಳಲ್ಲಿ ಡಬ್ಬಗಳ ಕಾಲ ಶುರುವಾಗುತ್ತದೆ. ಮಳೆ ಮುಗಿದಿರುತ್ತದೆ, ಹೊಗೆ ಇನ್ನೂ ಕವಿದಿರುವುದಿಲ್ಲ. ಉದ್ಯೋಗ ವಿಹಾರದ ಕಚೇರಿಗಳ ಸ್ವಾಗತ ಕೋಣೆಯಲ್ಲಿ ರಟ್ಟಿನ ಡಬ್ಬಗಳು ಆಳೆತ್ತರ ಪೇರಿಸಿರುತ್ತವೆ. ಒಂದು ಕಾಲದಲ್ಲಿ ಅವುಗಳೊಳಗೆ ಒಣಹಣ್ಣು ಇರುತ್ತಿತ್ತು, ಸೋನ್ ಪಾಪಡಿ ಇರುತ್ತಿತ್ತು. ಈಗ ಕೆಲವು ವರ್ಷಗಳಿಂದ ಕಂಪನಿಗಳಿಗೆ ಕೈಕಸುಬಿನ ಮೇಲೆ ಪ್ರೀತಿ ಹುಟ್ಟಿದೆ. ಡಬ್ಬ ತೆರೆದರೆ ಮರದ ಹಿಡಿಯ ಸೌಟು, ಮಗುಚುವ ಕೈ, ಒಂದು ಲಟ್ಟಣಿಗೆ. ಜೊತೆಗೊಂದು ದಪ್ಪ ಕಾಗದದ ಚೀಟಿ. ನಮ್ಮ ನಾಡಿನ ಕುಶಲಕರ್ಮಿಗಳು ಪ್ರೀತಿಯಿಂದ ಮಾಡಿದ್ದು ಅಂತ ಅದರ ಮೇಲೆ ಬರೆದಿರುತ್ತದೆ. ಯಾವ ಕುಶಲಕರ್ಮಿ? ಚೀಟಿ ತಿರುಗಿಸಿ ನೋಡಿದರೂ ಸಿಗುವುದಿಲ್ಲ. ಸೌಟಿನ ಹಿಡಿ ನೋಡಿದರೆ ಅಲ್ಲಿ ಹೆಸರೊಂದು ಸಿಗುತ್ತದೆ. ಅದು ವಿಮೆ ಮಾರುವ ಕಂಪನಿಯದು, ಇಲ್ಲವೇ ಸಾಫ್ಟ್‌ವೇರ್ ಬರೆಯುವ ಕಂಪನಿಯದು, ಇಲ್ಲವೇ ಇಪ್ಪತ್ತನೇ ಮಹಡಿಯ ಫ್ಲ್ಯಾಟು ಮಾರುವ ಬಿಲ್ಡರನದು.

ಉಡುಗೊರೆ ಕೊಡಬೇಡಿ ಅನ್ನುವವನು ನಾನಲ್ಲ. ಸರ್ಕಾರಿ ಇಲಾಖೆಗಳು ಹಬ್ಬದ ಉಡುಗೊರೆಗೆ ದುಡ್ಡು ಖರ್ಚು ಮಾಡಕೂಡದು ಅಂತ ಹಣಕಾಸು ಸಚಿವಾಲಯ 2025ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು. ಖಾಸಗಿಯವರಿಗೆ ಆ ಕಟ್ಟಳೆ ಇಲ್ಲ, ಬೇಕೂ ಇಲ್ಲ. ಕೊಡಲಿ. ಮರದ ಸೌಟನ್ನೇ ಕೊಡಲಿ, ಬಹಳ ಸಂತೋಷ. ನನ್ನ ಜಗಳ ಇರುವುದು ಹಿಡಿಯ ಮೇಲಿನ ಆ ಎರಡಂಗುಲ ಜಾಗದ ಬಗ್ಗೆ ಮಾತ್ರ. ಆ ಜಾಗ ಮಾಡಿದವನದು. ಕೊಟ್ಟವನದಲ್ಲ.

ಇದಕ್ಕೆ ಥಟ್ಟನೆ ಬರುವ ಎದುರು ಮಾತು ನನಗೆ ಗೊತ್ತು. 'ನಿಮ್ಮ ಊರ ಕಡೆ ಪಾತ್ರೆಗಳ ಮೇಲೆ ಹೆಸರು ಹಾಕಿಸುತ್ತಿರಲಿಲ್ಲವೇ? ಅದೂ ಕೊಟ್ಟವರ ಹೆಸರೇ ಅಲ್ಲವೇ?' ಹೌದು, ಹಾಕಿಸುತ್ತಿದ್ದೆವು. ಈಗಲೂ ಹಾಕಿಸುತ್ತೇವೆ. ಪಾತ್ರೆ ಅಂಗಡಿಯ ಮೂಲೆಯಲ್ಲಿ ಒಬ್ಬ ಕುಳಿತಿರುತ್ತಿದ್ದ. ಚಿಕ್ಕ ಉಳಿ, ಚಿಕ್ಕ ಸುತ್ತಿಗೆ, ಟಕ್ ಟಕ್ ಅಂತ ಚುಕ್ಕೆ ಮೇಲೆ ಚುಕ್ಕೆ ಕೂಡಿಸಿ ಅಕ್ಷರ ಮಾಡುತ್ತಿದ್ದ. ಆಮೇಲೆ ಕರೆಂಟಿನ ಪೆನ್ನು ಬಂತು, ಚುಕ್ಕೆ ಹೋಗಿ ಗೆರೆಯಾಯಿತು. ಗೃಹಪ್ರವೇಶಕ್ಕೆ ಸೋದರಮಾವ ಕೊಟ್ಟ ಕೊಳದಪ್ಪಲೆ, ಸೀಮಂತಕ್ಕೆ ಅತ್ತೆ ಕೊಟ್ಟ ತಟ್ಟೆ, ಮೇಲೆ ಇನಿಷಿಯಲ್ಲು, ಊರು, ತಾರೀಖು. ದ್ವಾರಕಾದಲ್ಲೋ ಮಯೂರ ವಿಹಾರದಲ್ಲೋ ಇರುವ ಯಾವ ಕನ್ನಡ ಮನೆಯ ಅಟ್ಟದ ಮೇಲೆ ಕೈಯಾಡಿಸಿದರೂ ಅಂಥದ್ದೊಂದು ಸಿಕ್ಕೀತು.

ಆದರೆ ಆ ಹೆಸರು ಮಾಡುತ್ತಿದ್ದ ಕೆಲಸವೇ ಬೇರೆ. ಒಂದು, ಅದು ನೆಂಟಸ್ತಿಕೆ. ಕೊಟ್ಟವರೂ ಪಡೆದವರೂ ಒಬ್ಬರನ್ನೊಬ್ಬರು ಬಲ್ಲವರು. ಎರಡನೆಯದು ಇನ್ನೂ ಮುಖ್ಯ. ಊರಲ್ಲಿ ಒಂದು ಮದುವೆ ಆಯಿತೆಂದರೆ ಹತ್ತು ಮನೆಯ ಪಾತ್ರೆ ಒಂದೇ ಅಡುಗೆಮನೆಗೆ ಬರುತ್ತಿತ್ತು. ಸಮಾರಂಭ ಮುಗಿದ ಮೇಲೆ ಯಾರ ಹಂಡೆ ಯಾರದು ಅಂತ ಗೊತ್ತಾಗಲು ಹೆಸರು ಬೇಕಿತ್ತು. ಆ ಹೆಸರು ಇದ್ದದ್ದು ಪಾತ್ರೆ ಮನೆಗೆ ವಾಪಸು ಬರಲಿ ಅಂತ. ಲೋಗೋ ಇರುವುದು ಕಂಪನಿ ನಿಮ್ಮ ಮನೆಯೊಳಗೆ ಹೋಗಿ ಕೂರಲಿ ಅಂತ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ.

ಇನ್ನು ಲೋಗೋ ಯಾಕೆ ಹಾಕಿಸುತ್ತೀರಿ ಅಂತ ಮಾನವ ಸಂಪನ್ಮೂಲದವರನ್ನು ಕೇಳಿ ನೋಡಿ. ಬ್ರ್ಯಾಂಡ್ ನೆನಪಿನಲ್ಲಿ ಉಳಿಯುತ್ತದೆ ಅನ್ನುತ್ತಾರೆ. ಯಾರ ನೆನಪಿನಲ್ಲಿ? ಈ ಮಹಾನಗರದ ಫ್ಲ್ಯಾಟುಗಳಲ್ಲಿ ದಿನಾ ಸೌಟು ಹಿಡಿಯುವವಳು ಬಹಳ ಕಡೆ ಬಂಗಾಳದಿಂದಲೋ ಜಾರ್ಖಂಡದಿಂದಲೋ ಬಂದ ಅಡುಗೆಯ ಹೆಣ್ಣುಮಗಳು. ಮ್ಯೂಚುವಲ್ ಫಂಡಿನ ಲಾಂಛನವನ್ನು ಬೆಳಿಗ್ಗೆ ಸಂಜೆ ಅಂಗೈಯಲ್ಲಿ ಒತ್ತಿಕೊಳ್ಳುತ್ತಿರುವವಳು ಅವಳು. ಅವಳಿಗೆ ಆ ಕಂಪನಿ ಒಂದು ಸಣ್ಣ ವಿಮೆಯನ್ನಾದರೂ ಮಾಡಿಸಿದೆಯೇ, ಅದು ಬೇರೆ ಪ್ರಶ್ನೆ. ಕೆಲವರು ನಿಜವಾದ ಕಾರಣವನ್ನೂ ನಗುತ್ತಾ ಹೇಳಿಬಿಡುತ್ತಾರೆ. ಲೋಗೋ ಇದ್ದರೆ ಡಬ್ಬ ಇನ್ನೊಬ್ಬರ ಮನೆಗೆ ಉಡುಗೊರೆಯಾಗಿ ಹೋಗುವುದಿಲ್ಲ. ಸೋನ್ ಪಾಪಡಿಯ ಡಬ್ಬ ದೆಹಲಿ ಸುತ್ತಿ ಕೊಟ್ಟವರ ಮನೆಗೇ ಬರುವ ಕಥೆ ಇಲ್ಲಿ ಎಲ್ಲರಿಗೂ ಗೊತ್ತಲ್ಲ, ಅದಕ್ಕೆ ಮದ್ದಂತೆ ಇದು.

ಗುರುತು ಅಂದರೆ ಏನು ಅಂತ ಕಾನೂನನ್ನೇ ಕೇಳೋಣ. 1999ರ ಟ್ರೇಡ್ ಮಾರ್ಕ್ ಕಾಯ್ದೆಯ ಪ್ರಕಾರ ವ್ಯಾಪಾರ ಗುರುತು ಸರಕಿಗೂ ಗುರುತಿನ ಒಡೆಯನಿಗೂ ಇರುವ ವ್ಯಾಪಾರದ ಸಂಬಂಧವನ್ನು ತೋರಿಸಬೇಕು. ಸೌಟಿಗೂ ವಿಮೆ ಕಂಪನಿಗೂ ಅಂಥ ಸಂಬಂಧ ಏನಿದೆ? ಹಿಡಿ ಸಡಿಲವಾದರೆ ವಿಮೆ ಕಂಪನಿ ಬಂದು ಮೊಳೆ ಹೊಡೆಯುತ್ತದೆಯೇ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸರಕಿನ ತಯಾರಕ ಯಾರು ಅಂತ ವಿವರಿಸುವಾಗ, ಬೇರೆಯವರು ಮಾಡಿದ ವಸ್ತುವಿನ ಮೇಲೆ ತನ್ನ ಗುರುತು ಹಾಕುವವನನ್ನೂ ಹಾಕಿಸುವವನನ್ನೂ ಅದು ತಯಾರಕರ ಸಾಲಿನಲ್ಲೇ ನಿಲ್ಲಿಸುತ್ತದೆ. ಪುಕ್ಕಟೆ ಕೊಟ್ಟ ಸೌಟಿಗೆ ಇದು ಎಷ್ಟರ ಮಟ್ಟಿಗೆ ತಾಗುತ್ತದೆ ಅಂತ ವಕೀಲರು ವಾದಿಸಿಕೊಳ್ಳಲಿ. ನನಗೆ ಬೇಕಾದದ್ದು ಅದರ ಹಿಂದಿನ ತಿಳಿವಳಿಕೆ. ಗುರುತು ಹಾಕಿದವನು 'ಇದು ನನ್ನದು' ಅಂದಂತೆ. ಲೋಕ ಅದನ್ನು ಹಾಗೆಯೇ ಓದುತ್ತದೆ. ಮಾಡದೇ ಇದ್ದವನು 'ನನ್ನದು' ಅಂದರೆ ನಮ್ಮ ಕಡೆ ಅದಕ್ಕೆ ಏನನ್ನುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಅದೇ ಅಡುಗೆಮನೆಯಲ್ಲಿ ಮರ್ಯಾದಸ್ಥ ಗುರುತುಗಳೂ ಇವೆ. 2024ರ ಮಾರ್ಚಿನಲ್ಲಿ ಹೊರಟ ಆದೇಶದಿಂದ ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಅಂತಾಯಿತು. ಆ ಗುರುತಿನ ಜೊತೆ ಒಂದು ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಹೊರಟರೆ ಮಾಡಿದ ಕಾರ್ಖಾನೆಯ ಬಾಗಿಲಿಗೆ ಹೋಗಿ ನಿಲ್ಲಬಹುದು. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಅದೂ ವಸ್ತುವಿನ ಬಗ್ಗೆ ಏನೋ ಒಂದು ಹೇಳುತ್ತದೆ. ಕಂಪನಿಯ ಲೋಗೋ ಸೌಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಯಾವ ಮರ, ಯಾವ ಊರು, ಯಾವ ಕೈ, ಒಂದೂ ಇಲ್ಲ.

ಊರಿನ ಮಾತು ಬಂತು, ಚನ್ನಪಟ್ಟಣಕ್ಕೆ ಹೋಗೋಣ. ಇಲ್ಲಿನ ಉಡುಗೊರೆ ಡಬ್ಬಗಳೊಳಗೆ ಬಣ್ಣದ ಹಿಡಿ ಕಂಡರೆ ನಮ್ಮ ಕಣ್ಣು ಮೊದಲು ಹುಡುಕುವುದು ಅದನ್ನೇ. ಬೆಂಗಳೂರು ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ಹೋದರೆ ಸಿಗುವ ಊರು. ಟಿಪ್ಪು ಸುಲ್ತಾನ, ಪರ್ಷಿಯಾದಿಂದ ಬಂದ ಕುಶಲಿಗಳು, ಬಾವಾಸ್ ಮಿಯಾನ್, ಜಪಾನು, ಈ ಕಥೆಯನ್ನು ಉಡುಗೊರೆಯ ಚೀಟಿಗಳು ಎಷ್ಟು ಸಲ ಹೇಳಿವೆಯೆಂದರೆ ನಾನು ಮತ್ತೆ ಹೇಳುವುದಿಲ್ಲ. ಗಮನಿಸಿ, ಸತ್ತವರ ಹೆಸರು ಹೇಳಲು ಚೀಟಿಯಲ್ಲಿ ಜಾಗವಿರುತ್ತದೆ. ಬದುಕಿರುವವನ ಹೆಸರಿಗೆ ಇರುವುದಿಲ್ಲ.

ಕೆಲಸ ನಡೆಯುವುದು ಹೀಗೆ. ಆಲೆ ಮರ ಅಂತ ಒಂದಿದೆ, ಕೆಲವರು ಹಾಲೆ ಅನ್ನುತ್ತಾರೆ, ಗಾಯ ಮಾಡಿದರೆ ಹಾಲು ಸುರಿಯುವ ಮರ. ಬೆಳ್ಳಗೆ, ನುಣುಪು ಎಳೆ, ಕೈಗೆ ಹಗುರ. ಕಡಿದ ಕೊಂಬೆಗಳನ್ನು ತಿಂಗಳುಗಟ್ಟಲೆ ಒಣಗಿಸಿ ತುಂಡು ಮಾಡಿ ಚರಕಿಗೆ ಕಟ್ಟುತ್ತಾರೆ. ಹಿಂದೆ ಕೈಯಿಂದ ಎಳೆಯುವ ಚರಕು, ಈಗ ಹೆಚ್ಚಾಗಿ ಮೋಟಾರಿನದು. ತಿರುಗುವ ಮರಕ್ಕೆ ಉಳಿ ಹಿಡಿದು ಹೊಟ್ಟೆ, ಸೊಂಟ, ಕತ್ತು ಎಲ್ಲ ತೆಗೆಯುತ್ತಾರೆ. ಅಂಗೈಯ ಗುಳಿಗೆ ಕೂರುವ ಹಾಗೆ ಹಿಡಿಯ ನಡು ಎಷ್ಟು ಉಬ್ಬಬೇಕು ಅನ್ನುವುದಕ್ಕೆ ಅಲ್ಲಿ ಅಳತೆಪಟ್ಟಿಗಿಂತ ಕಣ್ಣೇ ಹೆಚ್ಚು. ಆಮೇಲೆ ಅರಗು. ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಕುಂಚ ಇಲ್ಲ, ಒಲೆ ಇಲ್ಲ. ಮೇಲೆ ತಾಳೆಗರಿ ಒತ್ತಿ ಉಜ್ಜಿದರೆ ಕನ್ನಡಿಯಂಥ ಹೊಳಪು. ಒತ್ತಡ ಸ್ವಲ್ಪ ಹೆಚ್ಚಾದರೆ ಬಣ್ಣ ಒಂದೆಡೆ ಗಡ್ಡೆ ಕಟ್ಟುತ್ತದೆ, ಕಡಿಮೆಯಾದರೆ ಮರ ಇಣುಕುತ್ತದೆ. ಅರಗು ಕುದಿಯುವ ನೀರಿಗಿಂತ ಕಡಿಮೆ ಬಿಸಿಯಲ್ಲೇ ಮೆತ್ತಗಾಗುವ ವಸ್ತು. ಅದಕ್ಕೇ ಅದು ಹಿಡಿಗೆ ಸರಿ, ಬಾಣಲೆಗೆ ಇಳಿಯುವ ತುದಿಗೆ ಸರಿಯಲ್ಲ.

ಹೀಗೆ ತಯಾರಾದ ಹಿಡಿ ಸಾಮಾನ್ಯವಾಗಿ ಖಾಲಿ ಮೈಯಲ್ಲೇ ಊರು ಬಿಡುತ್ತದೆ. ಮುದ್ರೆ ಬೀಳುವುದು ಇಲ್ಲಿ, ಕೊಳ್ಳುವವನ ಹತ್ತಿರದ ಯಾವುದಾದರೂ ಮಳಿಗೆಯಲ್ಲಿ. ಇದಕ್ಕೆ ಮೂರು ನಾಲ್ಕು ದಾರಿಗಳಿವೆ. ಹಿತ್ತಾಳೆ ಅಚ್ಚು ಕಾಯಿಸಿ ಸುಡುವುದು ಹಳೆಯದು. ಸಿಲಿಕಾನಿನ ಮೆತ್ತೆಯಿಂದ ಶಾಯಿ ಎತ್ತಿ ಉಬ್ಬಿನ ಮೇಲೆ ಒತ್ತುವುದು ಇನ್ನೊಂದು. ಈಗ ಎಲ್ಲರಿಗೂ ಬೇಕಾದದ್ದು ಲೇಸರ್. ಕಿರಣ ಬಿದ್ದ ಕಡೆ ಅರಗು ಆವಿಯಾಗಿ ಹೋಗುತ್ತದೆ, ಕೆಳಗಿನ ಮರ ಸುಟ್ಟು ಕಂದಾಗುತ್ತದೆ. ಒಂದು ಹಿಡಿಗೆ ಒಂದು ನಿಮಿಷವೂ ಬೇಡ. ನೋಡಲು ಚೆಂದವೇ, ಸುಳ್ಳು ಹೇಳಬಾರದು. ಆದರೆ ಅರಗು ಅಲ್ಲಿದ್ದದ್ದು ಅಲಂಕಾರಕ್ಕೆ ಮಾತ್ರವಲ್ಲ, ಅದು ನೀರು ಮರಕ್ಕೆ ಇಳಿಯದಂತೆ ಹಾಕಿದ ಮುಚ್ಚಳ. ಅದೇ ಮುಚ್ಚಳಕ್ಕೆ, ಅದೂ ಕೈ ಹಿಡಿಯುವ ಜಾಗದಲ್ಲೇ, ತೂತು ಕೊರೆದು ಕಂಪನಿಯ ಹೆಸರು ಬರೆದಾಯಿತು. ಆರು ತಿಂಗಳಿಗೆ ಆ ಅಕ್ಷರಗಳೊಳಗೆ ಅರಿಶಿನ, ಎಣ್ಣೆ, ಹಿಟ್ಟು ಕೂರುತ್ತದೆ. ಲಟ್ಟಣಿಗೆಯ ಹೊಟ್ಟೆಯ ಮೇಲೇ ಲೋಗೋ ಕೊರೆಸಿದ ಮಹಾನುಭಾವರೂ ಇದ್ದಾರೆ. ಚಪಾತಿ ಚಪಾತಿಗೂ ಷೇರು ದಲ್ಲಾಳಿಯ ಹೆಸರು ತಿರುಗುಮುರುಗಾಗಿ ಬೀಳುತ್ತದೆ. ಹೂರಣದ ಹೋಳಿಗೆ ಲಟ್ಟಿಸಿದರೆ ಏನಾದೀತು ಅಂತ ಯೋಚಿಸಿ.

ಬಣ್ಣವಿಲ್ಲದ, ಕಂದು ಹಿಡಿಗಳ ಸಂಗತಿ ಇನ್ನೂ ವಿಚಿತ್ರ. ಅವು ಹೆಚ್ಚಾಗಿ ಉತ್ತರ ಪ್ರದೇಶದ ಸಹಾರನ್‌ಪುರದ ಕಡೆಯ ಶೀಶಮ್, ನಮ್ಮ ಬೀಟೆಯ ಉತ್ತರದ ದಾಯಾದಿ. ಅಳಿವಿನಂಚಿನ ಜೀವಿಗಳ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ 2017ರ ಜನವರಿಯಿಂದ ಆ ಕುಲದ ಮರಗಳೆಲ್ಲ ಸೇರಿದವು. ಅಂದಿನಿಂದ ಶೀಶಮ್ ಹಿಡಿ ಸಮುದ್ರ ದಾಟಬೇಕಾದರೆ ಮರ ಎಲ್ಲಿಂದ ಬಂತು, ಕಾನೂನು ಪ್ರಕಾರ ಕಡಿದದ್ದೇ ಎನ್ನುವುದಕ್ಕೆ ಕಾಗದ ಬೇಕಾಯಿತು. ಕರಕುಶಲ ರಫ್ತು ಮಂಡಳಿಯ 'ವೃಕ್ಷ' ಪ್ರಮಾಣಪತ್ರ ಬೆಳೆದದ್ದು ಆ ಅಗತ್ಯದಿಂದ. ಅದೇ ಮಂಡಳಿ ಗ್ರೇಟರ್ ನೋಯ್ಡಾದ ಎಕ್ಸ್‌ಪೋ ಮಾರ್ಟಿನಲ್ಲಿ ವರ್ಷಕ್ಕೆ ಎರಡು ಸಲ ಜಾತ್ರೆ ನಡೆಸುತ್ತದೆ. ಹೊರದೇಶದ ಖರೀದಿದಾರರು ಬಂದು ಹಿಡಿಗಳನ್ನು ತಿರುಗಿಸಿ ನೋಡಿ ಆರ್ಡರು ಕೊಡುವುದು ಅಲ್ಲೇ. ಅಂದರೆ ಮರದ ಹುಟ್ಟೂರು ಗೊತ್ತಿರಬೇಕು ಅಂತ ಜಗತ್ತು ಹಟ ಹಿಡಿದಿದೆ, ಸರಿಯಾಗಿಯೇ ಹಟ ಹಿಡಿದಿದೆ. ಆ ಮರವನ್ನು ತಿರುಗಣಿಗೆ ಕಟ್ಟಿ ಹಿಡಿಯಾಗಿಸಿದವನ ಹುಟ್ಟೂರು ಮಾತ್ರ ಯಾರಿಗೂ ಬೇಡ. ಮರಕ್ಕಿರುವ ಕಾಗದ ಮನುಷ್ಯನಿಗಿಲ್ಲ ಅಂತ ಅಂದುಕೊಳ್ಳಬೇಡಿ, ಅದೂ ಇದೆ. ಜವಳಿ ಸಚಿವಾಲಯದ ಕರಕುಶಲ ವಿಭಾಗ 2016ರಿಂದ ಕುಶಲಕರ್ಮಿಗಳಿಗೆ 'ಪೆಹಚಾನ್' ಅನ್ನುವ ಗುರುತಿನ ಚೀಟಿ ಕೊಡುತ್ತಿದೆ. ಚೀಟಿಗೊಂದು ಸಂಖ್ಯೆ ಇದೆ. ಗುರುತು ಅಂತಲೇ ಹೆಸರಿಟ್ಟ ಕಾರ್ಡು ಜೇಬಿನಲ್ಲಿ, ಆತ ಮಾಡಿದ ವಸ್ತುವಿನ ಮೇಲೆ ಬೇರೆಯವರ ಗುರುತು.

ಚನ್ನಪಟ್ಟಣದವರಿಗೆ ಇನ್ನೊಂದು ಹೆಚ್ಚಿನ ಹಕ್ಕೂ ಇದೆ. ಚನ್ನಪಟ್ಟಣದ ಆಟಿಕೆ ಮತ್ತು ಬೊಂಬೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದ್ದು 2005-06ರಲ್ಲಿ, ದೇಶದಲ್ಲಿ ಮೊದಮೊದಲು ಸಿಕ್ಕವುಗಳಲ್ಲಿ ಒಂದು. ಆ 1999ರ ಕಾಯ್ದೆಯಲ್ಲಿ ಒಂದು ಸೊಗಸಾದ ಕಲಮು ಇದೆ. ಭೌಗೋಳಿಕ ಗುರುತನ್ನು ಯಾರಿಗೂ ಮಾರುವಂತಿಲ್ಲ, ವರ್ಗಾಯಿಸುವಂತಿಲ್ಲ, ಅಡವಿಡುವಂತಿಲ್ಲ. ಊರಿನ ಹೆಸರು ಊರಿನದು. ಮಾಡುವವರು ತಮ್ಮ ಹೆಸರನ್ನು ಅಧಿಕೃತ ಬಳಕೆದಾರರೆಂದು ರಿಜಿಸ್ಟರಿನ ಬೇರೆ ಭಾಗದಲ್ಲಿ ಬರೆಸಿಕೊಳ್ಳಬಹುದು. 2018ರಲ್ಲಿ ದೇಶಕ್ಕೆಲ್ಲ ಒಂದೇ ಜಿಐ ಲಾಂಛನವೂ ಬಂತು. ಹೆಸರಲ್ಲಿ ಆಟಿಕೆ ಮತ್ತು ಬೊಂಬೆ ಅಂತ ಇರುವುದರಿಂದ ಸೌಟಿನ ಹಿಡಿ ಅದರ ನೆರಳಿಗೆ ಬರುತ್ತದೆಯೇ ಎನ್ನುವ ತಕರಾರು ಎತ್ತಬಹುದು. ಎತ್ತಲಿ. ಅದೇ ಚರಕು, ಅದೇ ಅರಗು, ಅದೇ ಕೈ ಅಲ್ಲವೇ? ಬೊಂಬೆ ಮಾಡಿದಾಗ ಕಲಾವಿದ, ಸೌಟಿನ ಹಿಡಿ ಮಾಡಿದಾಗ ಅನಾಮಿಕ ಸರಬರಾಜುದಾರ, ಇದೆಂಥ ನ್ಯಾಯ?

ಈಗ ಎದುರು ಪಕ್ಷದ ಗಟ್ಟಿ ವಾದಕ್ಕೆ ಬರುತ್ತೇನೆ. ಗಟ್ಟಿಯಾಗಿರುವುದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. 'ನಿಮ್ಮ ಭಾವುಕತೆ ಇರಲಿ ಸ್ವಾಮಿ, ಕಂಪನಿಯ ಆರ್ಡರು ಇಲ್ಲದೆ ಈ ಕಸುಬು ಬದುಕುತ್ತದೆಯೇ? ಬಾಬಾ ಖಡಕ್ ಸಿಂಗ್ ಮಾರ್ಗದ ಕಾವೇರಿ ಮಳಿಗೆಯಲ್ಲಿ ಒಬ್ಬರು ಒಂದು ಗಿಲಕಿ ಕೊಂಡರೆ ಹೊಟ್ಟೆ ತುಂಬುತ್ತದೆಯೇ? ದಿಲ್ಲಿ ಹಾಟಿನಲ್ಲಿ ಹದಿನೈದು ದಿನದ ಮಳಿಗೆ ಸಿಕ್ಕರೆ ವರ್ಷ ಕಳೆಯುತ್ತದೆಯೇ? ಒಂದೇ ಸಲಕ್ಕೆ ಎರಡು ಸಾವಿರ ಹಿಡಿ ಬೇಕು ಅನ್ನುವವನು ಲೋಗೋ ಕೇಳಿದರೆ ಕೇಳಲಿ ಬಿಡಿ.'

ದೊಡ್ಡ ಆರ್ಡರು ದೊಡ್ಡ ಸಂಗತಿಯೇ. ಅದಕ್ಕೆ ನನ್ನ ಗೌರವವಿದೆ. ಆದರೆ ಈ ವಾದ ಒಂದು ಕಷ್ಟವನ್ನು ಮುಚ್ಚಿಡುತ್ತದೆ. ಲೋಗೋ ಬಿದ್ದ ಕ್ಷಣದಿಂದ ಆ ಹಿಡಿಗೆ ಜಗತ್ತಿನಲ್ಲಿ ಇರುವುದು ಒಬ್ಬನೇ ಗಿರಾಕಿ. ಬಣ್ಣ ಒಪ್ಪಲಿಲ್ಲ ಅಂತ ಅವನು ಮುನ್ನೂರು ತಿರುಗಿಸಿ ಕಳಿಸಿದರೆ, ಆ ಮುನ್ನೂರನ್ನು ಯಾವ ಜಾತ್ರೆಯಲ್ಲಿ ಮಾರುವುದು? ಖಾಲಿ ಹಿಡಿಯಾಗಿದ್ದರೆ ಹೆದ್ದಾರಿ ಪಕ್ಕದ ಅಂಗಡಿಯವನು ಕೊಳ್ಳುತ್ತಿದ್ದ, ಕಾವೇರಿಗೆ ಕೊಡಬಹುದಿತ್ತು, ಇನ್ನೊಂದು ಹಬ್ಬಕ್ಕೆ ಇಟ್ಟುಕೊಳ್ಳಬಹುದಿತ್ತು. ಯಾವುದೋ ಬ್ಯಾಂಕಿನ ಹೆಸರಿರುವ ಹಿಡಿ ಸೌದೆಯೇ. ಲೇಸರ್ ಅಳಿಸುವುದಕ್ಕೆ ಬರುವುದಿಲ್ಲ. ಮತ್ತೆ ಚರಕಿಗೆ ಹಾಕಿ ಹೊರೆದರೆ ಹಿಡಿಯ ಸೊಂಟ ಸಣ್ಣದಾಗುತ್ತದೆ, ಅರಗು ಮತ್ತೆ ಮೊದಲಿಂದ. ಹಬ್ಬದ ಹಿಂದಿನ ವಾರ ಆರ್ಡರು ರದ್ದಾದರೆ ನಷ್ಟ ಯಾರ ತಲೆಗೆ ಅಂತ ಕರಾರಿನಲ್ಲಿ ಬರೆದಿರುತ್ತಾರೆಯೇ? ನಡುವಿನವನು ತನ್ನ ಮಟ್ಟಿಗೆ ಬರೆಸಿಕೊಂಡಿರಬಹುದು. ಚರಕಿನ ಮುಂದೆ ಕುಳಿತವನ ಹತ್ತಿರ ಕರಾರೇ ಇಲ್ಲದಿದ್ದರೆ? ಗಿರಾಕಿಯ ಮುದ್ರೆ ಹಿಡಿಯ ಮೇಲೆ ಬೀಳುವ ಮೊದಲೇ ಮಾಡಿದವನಿಗೆ ಪೂರ್ತಿ ಹಣ ಸೇರಿರಬೇಕು. ಇಷ್ಟು ಸಣ್ಣ ನಿಯಮವನ್ನಾದರೂ ಈ ಕಸುಬಿನ ಉದ್ಧಾರಕರು ಒಪ್ಪಿಕೊಂಡು ತೋರಿಸಲಿ.

ಉದ್ಧಾರ ಅಂದೆ. ಅದರ ಬಗ್ಗೆಯೂ ಒಂದು ಮಾತು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಾಂಪ್ರದಾಯಿಕ ಕಲೆ, ಕರಕುಶಲಗಳನ್ನು ಬೆಳೆಸುವುದೂ ಆ ಪಟ್ಟಿಯಲ್ಲಿದೆ. ಆದರೆ 2021ರ ಜನವರಿಯಲ್ಲಿ ತಿದ್ದಿದ ನಿಯಮ ಸ್ಪಷ್ಟವಾಗಿ ಹೇಳುತ್ತದೆ, ತನ್ನ ಸರಕಿಗೋ ಸೇವೆಗೋ ಪ್ರಚಾರದ ಲಾಭ ಸಿಗಲಿ ಅಂತ ಮಾಡಿದ ಪ್ರಾಯೋಜಕತ್ವ ಸಮಾಜದ ಕೆಲಸವಲ್ಲ. ಅಂದರೆ ಲೋಗೋ ಕೊರೆಸಿದ ಸೌಟು ಜಾಹೀರಾತು. ಜಾಹೀರಾತು ಮಾಡುವುದು ತಪ್ಪಲ್ಲ, ಧಾರಾಳವಾಗಿ ಮಾಡಲಿ. ಜಾಹೀರಾತಿಗೆ ಪತ್ರಿಕೆಗೆ ದುಡ್ಡು ಕೊಡುತ್ತೀರಿ, ಮೆಟ್ರೋ ಕಂಬಕ್ಕೆ ದುಡ್ಡು ಕೊಡುತ್ತೀರಿ. ಹಿಡಿಯ ಮೇಲಿನ ಜಾಗಕ್ಕೆ ಮಾಡಿದವನಿಗೆ ಏನು ಕೊಟ್ಟಿರಿ? ಸೌಟಿನ ಬೆಲೆ ಕೊಟ್ಟಿರಿ, ಅದು ಸೌಟಿಗೆ. ಮುದ್ರೆಯ ಕೂಲಿ ಲೇಸರಿನವನಿಗೆ ಹೋಯಿತು. ಜಾಗದ ಬಾಡಿಗೆ? ಜಾಹೀರಾತನ್ನು ಪುಕ್ಕಟೆ ಹೊತ್ತು, ಮೇಲೆ 'ಬೆಂಬಲ ಪಡೆದ ಕುಶಲಕರ್ಮಿ' ಅಂತಲೂ ಅನ್ನಿಸಿಕೊಳ್ಳಬೇಕಾದವನ ಸ್ಥಿತಿ ನೋಡಿ.

ಲೋಗೋಗಳ ಆಯುಷ್ಯ ಎಷ್ಟು ಅಂತ ಕನ್ನಡಿಗರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯಿತು. 2019ರ ಏಪ್ರಿಲ್ 1ಕ್ಕೆ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್. 2020ರ ಏಪ್ರಿಲ್ 1ಕ್ಕೆ ಉಡುಪಿಯಲ್ಲಿ ಹುಟ್ಟಿದ ಎರಡೂ, ಕಾರ್ಪೊರೇಷನ್ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್. ಮೂರೇ ವರ್ಷದಲ್ಲಿ ನಾಲ್ಕು. ಅವುಗಳ ಹೆಸರಿರುವ ಚೀಲ, ಪರ್ಸು, ಸ್ಟೀಲ್ ಡಬ್ಬಿ ಇನ್ನೂ ನಮ್ಮ ಮನೆಗಳಲ್ಲಿವೆ. ಸಿಂಡಿಕೇಟ್ ಬ್ಯಾಂಕಿನ ನಾಯಿಯ ಚಿತ್ರ ಕಂಡರೆ ಈಗಲೂ ಒಂದು ಅಕ್ಕರೆ ಹುಟ್ಟುತ್ತದೆ. ಆ ಅಕ್ಕರೆ ಚಿತ್ರಕ್ಕಲ್ಲ, ದಿನಾ ಸಂಜೆ ಪಿಗ್ಮಿ ಹಣಕ್ಕೆ ಬಾಗಿಲು ತಟ್ಟುತ್ತಿದ್ದ ಏಜೆಂಟನ ಮುಖಕ್ಕೆ. ಆ ಬ್ಯಾಂಕು ಊರಿನದಾಗಿತ್ತು. ಗುರುಗ್ರಾಮದ ಯಾವ ಸ್ಟಾರ್ಟಪ್ಪಿನ ಬಗ್ಗೆ ನೀವು ಹಾಗನ್ನಬಲ್ಲಿರಿ? ಇನ್ನೊಬ್ಬರು ಕೊಂಡುಕೊಂಡ ದಿನವೇ ಅದರ ಲೋಗೋ ಬದಲಾಗುತ್ತದೆ. ಒಳ್ಳೆಯ ಮರದ ಹಿಡಿ, ಒದ್ದೆ ಬಿಡದೆ ಒರೆಸಿಟ್ಟರೆ, ಇಪ್ಪತ್ತು ವರ್ಷ ಬಾಳುತ್ತದೆ. ಇಲ್ಲದ ಕಂಪನಿಯ ಹೆಸರು ಹೊತ್ತು ಹದಿನೈದು ವರ್ಷ ಸಾರು ಬಡಿಸಬೇಕೇ ಅದು?

ಅವರನ್ನು ಬೈದದ್ದಾಯಿತು, ನಮ್ಮವರ ಕಡೆಗೂ ತಿರುಗೋಣ. ದೆಹಲಿ, ನೋಯ್ಡಾ, ಫರೀದಾಬಾದ್ ಸುತ್ತ ಕನ್ನಡಿಗರ ಸಂಘಗಳು ಕಡಿಮೆಯೇನಿಲ್ಲ. ನವೆಂಬರ್ ಬಂತೆಂದರೆ ರಾಜ್ಯೋತ್ಸವ, ರಾಜ್ಯೋತ್ಸವ ಅಂದರೆ ನೆನಪಿನ ಕಾಣಿಕೆ. ಚನ್ನಪಟ್ಟಣದ ಕೀಲಿಗೊಂಚಲೋ ಮರದ ಚಮಚವೋ ತರಿಸುತ್ತೇವೆ, ಬಹಳ ಅಭಿಮಾನದಿಂದ. ಅದರ ಮೇಲೆ ಪ್ರಾಯೋಜಕನ ಹೆಸರು ಒಂದು ಕಡೆ, ಸಂಘದ ಹೆಸರು ಇನ್ನೊಂದು ಕಡೆ, ಜಾಗ ಉಳಿದರೆ ಭುವನೇಶ್ವರಿ. ವೇದಿಕೆ ಮೇಲೆ ಕನ್ನಡ ಉಳಿಸಿ ಅನ್ನುವ ಭಾಷಣ, ಕೈಯಲ್ಲಿ ಕನ್ನಡದ ಒಬ್ಬ ಬಡಪಾಯಿಯ ಹೆಸರು ಒರೆಸಿಹಾಕಿದ ಚಮಚ. ನಾವು ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. 'ಆ ಮದ್ರಾಸಿ' ಅಂತ ಕರೆಸಿಕೊಂಡು, ಅಲ್ಲ ಮಾರಾಯರೇ ಬೆಂಗಳೂರು, ಕರ್ನಾಟಕ, ನನ್ನ ಹೆಸರು ಇದು ಅಂತ ತಿದ್ದಿ ತಿದ್ದಿ ಬಾಯಿ ನೋಯಿಸಿಕೊಂಡವರು. ಹೆಸರಿಲ್ಲದೆ ಇರುವುದು ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೂ ಊರಿಂದ ತರಿಸಿದ ವಸ್ತುವಿನ ಮೇಲೆ ಊರಿನವನ ಹೆಸರಿಲ್ಲ ಅನ್ನುವುದು ನಮ್ಮ ಕಣ್ಣಿಗೂ ಬೀಳುವುದಿಲ್ಲ.

ನಾನು ಕೇಳುತ್ತಿರುವುದು ದೊಡ್ಡದಲ್ಲ. ಕಂಪನಿಯ ಹೆಸರು ಡಬ್ಬದ ಮೇಲಿರಲಿ, ಚೀಟಿಯ ಮೇಲಿರಲಿ, ಕಟ್ಟಿದ ರಿಬ್ಬನ್ನಿನ ಮೇಲೆ ಉದ್ದಕ್ಕೂ ಇರಲಿ. ಕೊಟ್ಟವರು ಕೊಟ್ಟೆವು ಅಂತ ಹೇಳಿಕೊಳ್ಳಲು ಅಷ್ಟು ಜಾಗ ಸಾಕು. ಹಿಡಿಯ ಮೇಲೆ ಮಾತ್ರ ಊರು, ಮರ, ವರ್ಷ, ಮಾಡಿದವರ ಹೆಸರು. ಹೆಸರು ಹಾಕಿಸಿಕೊಳ್ಳಲು ಅವರಿಗೆ ಇಷ್ಟವಿಲ್ಲದಿದ್ದರೆ ಪೆಹಚಾನ್ ಸಂಖ್ಯೆಯೋ ಅವರ ಮನೆತನದ ಒಂದು ಗೆರೆಯೋ. ಕೇಳಿ ಹಾಕಿಸಬೇಕು, ಅಷ್ಟೇ. ಒಂದು ಆರ್ಡರನ್ನು ಆರು ಮನೆಯವರು ಹಂಚಿಕೊಂಡು ಮಾಡಿದ್ದರೆ ಆರು ಹೆಸರು. ಲೇಸರ್ ಯಂತ್ರಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ಅದಕ್ಕೆ ಬೇಕಾದದ್ದು ಗೆರೆಚಿತ್ರದ ಒಂದು ಫೈಲು. ಅದರೊಳಗೆ ಇಂಗ್ಲಿಷ್ ಲೋಗೋ ಇದೆಯೋ 'ಚನ್ನಪಟ್ಟಣ, ಆಲೆ ಮರ' ಅಂತ ಕನ್ನಡದಲ್ಲಿದೆಯೋ ಅದು ಕೇಳುವುದಿಲ್ಲ, ಮಳಿಗೆಯವನೂ ಭಾಷೆ ನೋಡಿ ದರ ಹೇಳುವುದಿಲ್ಲ. ಅಕ್ಷರಗಳನ್ನು ಹಿಡಿಯ ಬೆನ್ನಿಗಿಂತ ತುದಿಯ ಗುಂಡಿನ ಮೇಲೆ, ಅಂಗೈ ತಾಗದ ಕಡೆ, ಹಗುರವಾಗಿ ಕೊರೆಸಿ ಮೇಲೆ ಒಂದು ಪದರ ಎಣ್ಣೆ ಉಜ್ಜಿದರೆ ನೀರೂ ಇಳಿಯುವುದಿಲ್ಲ. ನವೆಂಬರಿಗೆ ಬೇಕಾದರೆ ಸಂಘಗಳು ಮಳೆಗಾಲದಲ್ಲೇ ಆರ್ಡರು ಕೊಡಬೇಕು. ಮರ ಒಣಗಲು ತಿಂಗಳುಗಳು ಬೇಕು. ಅಕ್ಟೋಬರಿನಲ್ಲಿ ಫೋನು ಮಾಡಿ ಅವಸರ ಪಡಿಸಿದರೆ ಹಸಿ ಮರದ ಹಿಡಿ ಬರುತ್ತದೆ, ದೆಹಲಿಯ ಜನವರಿಯ ಒಣ ಚಳಿಗೆ ಸೀಳುತ್ತದೆ.